ಬಲಗಡೆಯ ಅಕ್ಷರಗಳು

ಧಾರವಾಡದ ಲೈನ್ ಬಜಾರಿನ ಹಿಂದಿನ ಓಣಿಯಲ್ಲಿ ಗುರುಸಿದ್ದಯ್ಯ ಮಾಸ್ತರು ಇಪ್ಪತ್ತಾರು ವರ್ಷ ಟೈಪಿಂಗ್ ಕ್ಲಾಸು ನಡೆಸಿದರು. ಮನೆಯ ಪಡಸಾಲೆಯಲ್ಲಿ ಹನ್ನೊಂದು ಮಷಿನ್‌ಗಳಿದ್ದವು. ಎಂಟು ಇಂಗ್ಲಿಷಿನವು, ಮೂರು ಕನ್ನಡದವು. ಗೋಡೆಯ ಆಚೆಗೆ ಅಡಿಗೆಮನೆ. ಬೆಳಗಿನ ಆರೂವರೆಯ ಬ್ಯಾಚು ಕೂತಿತೆಂದರೆ ಅವರ ಹೆಂಡತಿ ರತ್ನವ್ವ ರೊಟ್ಟಿ ಬಡಿಯುವ ಸದ್ದು ಸ್ವತಃ ಅವಳ ಕಿವಿಗೇ ಬೀಳುತ್ತಿರಲಿಲ್ಲ.

ಮಾಸ್ತರದು ಬಿಗಿ ಶಿಸ್ತು. ಬೆನ್ನು ಬಾಗಿಸುವಂತಿಲ್ಲ, ಕೈ ನೋಡುವಂತಿಲ್ಲ, ಒಂದು ಬೆರಳಿನ ಅಕ್ಷರವನ್ನು ಇನ್ನೊಂದು ಬೆರಳು ಮುಟ್ಟುವಂತಿಲ್ಲ. "ಬೆರಳಿಗೆ ತನ್ನ ಮನಿ ಗೊತ್ತಿರತೈತಿ. ಮಂದಿ ಮನಿ ಬಾಗಲಾ ಯಾಕ ಬಡಿತೀ?" ಎನ್ನುತ್ತ ಫೂಟುಪಟ್ಟಿಯಿಂದ ಗೆಣ್ಣಿನ ಮೇಲೆ ಒಂದು ಮೆಲ್ಲನೆಯ ಏಟು ಹಾಕುವರು. ಅವರ ಕೈಯಲ್ಲಿ ಕಲಿತವರು ಕೋರ್ಟು, ಕಚೇರಿ, ರೈಲ್ವೆ ಎಲ್ಲ ಕಡೆಯೂ ಇದ್ದರು.

ರತ್ನವ್ವ ಹತ್ತಿರದ ಹಳ್ಳಿ ಮುಗದದ ಒಕ್ಕಲುತನದ ಮನೆಯವಳು, ಏಳನೆಯ ಇಯತ್ತೆ ಓದಿದವಳು. ಮದುವೆಯಾದ ಹೊಸತರಲ್ಲಿ, ಕ್ಲಾಸು ಖಾಲಿಯಿದ್ದ ಒಂದು ಮಧ್ಯಾಹ್ನ, "ನನಗೂ ಇದನ್ನ ಕಲಸ್ರಿ" ಎಂದು ಕೇಳಿದ್ದಳು. ಮಾಸ್ತರು ನಕ್ಕು, "ನಿನಗ್ಯಾಕ ಇದು? ಕಲತು ಯಾ ಆಫೀಸಿಗೆ ಹೋಗಾಕಿ?" ಎಂದಿದ್ದರು. ಆಮೇಲೆ ಅವಳು ಕೇಳಲಿಲ್ಲ. ರವಿವಾರಕ್ಕೊಮ್ಮೆ ಹನ್ನೊಂದೂ ಮಷಿನ್ ಒರೆಸಿ, ಎಣ್ಣೆ ಬಿಟ್ಟು, ಸವೆದ ರಿಬ್ಬನ್ ಬದಲಿಸುತ್ತಿದ್ದಳು. ಬೆರಳಿನ ಮಸಿ ಬುಧವಾರದವರೆಗೂ ಹೋಗುತ್ತಿರಲಿಲ್ಲ. ಅಕ್ಷರ ಮಾತ್ರ ಒಂದನ್ನೂ ಒತ್ತಿದವಳಲ್ಲ.

ಎರಡು ಸಾವಿರದ ಎರಡರ ಹೊತ್ತಿಗೆ ಕಲಿಯಲು ಬರುವವರು ಮೂವರು ಉಳಿದರು, ಮರುವರ್ಷ ಅವರೂ ಇಲ್ಲ. ಮಷಿನ್‌ಗಳು ಹಳೇ ಕಬ್ಬಿಣದವನ ಗಾಡಿ ಏರಿದವು. ಮಗಳು ಆರತಿ ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಮದುವೆಯಾಗಿ ಅಲ್ಲಿಯೇ ಇದ್ದಳು. ಅವಳು ಒಂದು ಹಳೆಯ ಕಂಪ್ಯೂಟರ್, ಒಂದು ಪ್ರಿಂಟರ್ ತಂದಿಟ್ಟು ಕನ್ನಡ ಟೈಪು ಮಾಡುವುದನ್ನು ತೋರಿಸಿಕೊಟ್ಟಳು. ಮಾಸ್ತರು ಮೊದಲು ಮುಖ ತಿರುಗಿಸಿದರೂ ತಿಂಗಳೊಳಗೆ ಅದನ್ನು ಕಲಿತರು. ಕಾಲೇಜಿನ ಹುಡುಗರ ಪ್ರಬಂಧಗಳನ್ನು ಮನೆಯಲ್ಲೇ ಟೈಪು ಮಾಡಿಕೊಡತೊಡಗಿದರು.

ಎರಡು ಸಾವಿರದ ಆರರ ಶ್ರಾವಣದಲ್ಲಿ, ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಳ್ಳುತ್ತಿದ್ದಾಗ ಅವರ ಬಲಗೈ ಹಣೆಯವರೆಗೆ ಹೋಗಿ ಹಾಗೇ ಕೆಳಗೆ ಬಿತ್ತು. ಲಕ್ವಾ ಹೊಡೆದಿತ್ತು. ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದು ಬಂದ ಮೇಲೆ ಬಲಗಾಲು ಸ್ವಲ್ಪ ಎಳೆದುಕೊಳ್ಳಲು ಬಂತು, ಬಲಗೈ ಬರಲಿಲ್ಲ. ಮಾತೂ ಹೋಯಿತು.

"ಬುದ್ಧಿ ಎಲ್ಲಾ ನೆಟ್ಟಗೈತ್ರಿ. ಮಾತೂ ಒಳಗ ಐತಿ. ನಾಲಿಗಿ ಅಷ್ಟ ತಿರಗವಲ್ದು," ಎಂದು ಡಾಕ್ಟರು ಹೇಳಿದರು.

ಮಾಸ್ತರು ಏನಾದರೂ ಹೇಳಹೋದರೆ ಒಂದು ಶಬ್ದ ಮತ್ತೊಂದರ ಮೇಲೆ ಬಿದ್ದು ಬರೀ ಮುಲುಕಾಟವಾಗುತ್ತಿತ್ತು. ಎಡಗೈಗೆ ಪೆನ್ನು ಕೊಟ್ಟರೆ ಗೀಟುಗಳು ಬಿದ್ದವೇ ಹೊರತು ಅಕ್ಷರ ಮೂಡಲಿಲ್ಲ. ನೀರು ಬೇಕೋ, ಮಗ್ಗುಲು ಬದಲಿಸಬೇಕೋ, ಕಿಟಕಿ ತೆಗೆಯಬೇಕೋ ಎಂದು ರತ್ನವ್ವ ಒಂದೊಂದೇ ಕೇಳುತ್ತ ಹೋಗಬೇಕು. ಯಾವುದೂ ಅಲ್ಲವೆಂದಾದಾಗ ಅವರು ಕಣ್ಣು ಮುಚ್ಚಿಬಿಡುವರು. ಅವರಿಗೆ ಹೇಳುವುದು ಬೇರೆ ಏನೋ ಇದೆಯೆಂದು ಅವಳಿಗೆ ಆಗಲೇ ಅನ್ನಿಸಿತ್ತು.

ಡಿಸೆಂಬರಿನ ಒಂದು ರವಿವಾರ ಆರತಿ ದೊಡ್ಡದೊಂದು ಡಬ್ಬಿ ಹಿಡಿದುಕೊಂಡು ಬಂದಳು. ಹುಬ್ಬಳ್ಳಿಯ ಅಂಗಡಿಯವರಿಗೆ ಹೇಳಿ ತರಿಸಿದ್ದ ಕೀಬೋರ್ಡು. ಅಂಥದ್ದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ. ನಡುವೆ ಉಬ್ಬಿತ್ತು. ಅಕ್ಷರಗಳು ಎರಡು ಪಾಲಾಗಿ, ನಡುವೆ ಮೂರು ಬೆರಳಗಲ ಬಯಲು ಬಿಟ್ಟು, ಎಡಬಲಕ್ಕೆ ಓರೆಯಾಗಿ ಇಳಿದಿದ್ದವು. ಮುಂದೆ ಮಣಿಕಟ್ಟು ಇಡಲು ಮೆತ್ತನೆಯ ಕಟ್ಟೆ.

"ಯಾರರ ಕಾಲಿಟ್ಟು ಮುರದಾರೇನ ಇದನ್ನ?" ಎಂದಳು ರತ್ನವ್ವ.

"ಮುರದಿಲ್ಲವ್ವಾ, ಇದು ಇರೋದ ಹಿಂಗ. ಮುಂಗೈ ತಿರುಚಿಕೊಂಡು ಬಡಿಯೋದು ಬ್ಯಾಡಂತ ಎರಡು ಭಾಗ ಮಾಡ್ಯಾರ. ವಾಯರೂ ಇಲ್ಲ. ಅಪ್ಪಾ ಹಾಸಿಗ್ಯಾಗ ಒರಗಿಕೊಂಡ ತೊಡಿ ಮ್ಯಾಲ ಇಟ್ಟಕೊಳ್ಳಬಹುದು."

ಹಳೆಯ ಕೀಬೋರ್ಡಿನ ವಾಯರು ಮಂಚದವರೆಗೆ ಬರುತ್ತಿರಲಿಲ್ಲ. ಮಾಸ್ತರಿಗೆ ಮೇಜಿನ ಮುಂದೆ ಹತ್ತು ನಿಮಿಷವೂ ಕೂರಲಾಗುತ್ತಿರಲಿಲ್ಲ. ಅದಕ್ಕೇ ಅವಳು ಇದನ್ನು ಹುಡುಕಿದ್ದಳು.

ಆರತಿ ಅದನ್ನು ಬೋರಲು ಹಾಕಿ ಮುಚ್ಚಳ ತೆಗೆದು ಎರಡು ಪೆನ್ಸಿಲ್ ಸೆಲ್ ಕೂಡಿಸಿದಳು. ಕೀಬೋರ್ಡಿನ ಸಂಕೇತ ಹಿಡಿಯುವ, ಸಾಬೂನಿನ ಗಾತ್ರದ ಇನ್ನೊಂದು ಡಬ್ಬಿಯ ವಾಯರನ್ನು ಕಂಪ್ಯೂಟರಿನ ಹಿಂದೆ ಚುಚ್ಚಿದಳು. ಆ ಡಬ್ಬಿಯ ಮೇಲಿನ ಗುಂಡಿ ಒತ್ತಿ, ಲಗೂ ಲಗೂ ಬಂದು ಕೀಬೋರ್ಡಿನ ಹೊಟ್ಟೆಯಲ್ಲಿದ್ದ ಸಣ್ಣ ಗುಂಡಿಯನ್ನು ಪೆನ್ನಿನ ತುದಿಯಿಂದ ಅದುಮಿದಳು. ಒಂದೂ ಅಕ್ಷರ ಬರಲಿಲ್ಲ. ಸೆಲ್ ತಿರುಗಿಸಿ ಹಾಕಿದಳು, ಮತ್ತೆ ಅದುಮಿದಳು. ಕೊನೆಗೆ, ಆ ಸಣ್ಣ ಡಬ್ಬಿಗೆ ಕಬ್ಬಿಣದ ಅಲಮಾರಿ ಅಡ್ಡವಾಗಿದೆ ಎಂದು ತಿಳಿದು ಅದನ್ನು ಕಿಟಕಿಯ ಕಟ್ಟೆಗೆ ತಂದಿಟ್ಟಳು. ಹಸಿರು ದೀಪ ಹತ್ತಿತು. ಪರದೆಯನ್ನು ಮಂಚದ ಕಾಲ್ದೆಸೆಗೆ ಎಳೆದು ಅಕ್ಷರ ದೊಡ್ಡದು ಮಾಡಿದಳು.

ಮಾಸ್ತರ ಬೆನ್ನಿಗೆ ಎರಡು ತಲೆದಿಂಬು ಕೊಟ್ಟು ತೊಡೆಯ ಮೇಲೆ ಕೀಬೋರ್ಡು ಇಟ್ಟರು. ಅವರು ಬಹಳ ಹೊತ್ತು ಅದನ್ನು ನೋಡಿದರು. ಆಮೇಲೆ ಎಡಗೈ ತಾನಾಗಿ ಎದ್ದು ತನ್ನ ನಾಲ್ಕು ಅಕ್ಷರಗಳ ಮೇಲೆ ಇಳಿಯಿತು. ಒಮ್ಮೆಯೂ ಕೆಳಗೆ ನೋಡದೆ ಮೂರು ಸಲ ಒತ್ತಿದರು. ಪರದೆಯ ಮೇಲೆ 'ಅರತ' ಎಂದು ಬಂತು.

ಆರತಿ ಓದಿಕೊಂಡಳು. ತನ್ನ ಹೆಸರಿನ ದೀರ್ಘಕ್ಕೆ ಬೇಕಾದ ಶಿಫ್ಟ್ ಗುಂಡಿಯೂ ಗುಡಿಸೂ ಬಲಗೈಯ ಪಾಲಿನವು ಎಂದು ಹೊಳೆಯಲು ಅವಳಿಗೆ ಹೊತ್ತು ಹಿಡಿಯಲಿಲ್ಲ.

"ಎಡಗೈಲೇ ಆ ಕಡೆ ಹೋಗ್ರಿ ಅಪ್ಪಾ. ಏನೂ ಆಗೂದಿಲ್ಲ," ಎಂದಳು.

ಮಾಸ್ತರು ತಲೆ ಅಲ್ಲಾಡಿಸಿದರು. ನಡುವಿನ ಬಯಲು ದಾಟಿ ಆ ಕೈ ಅಷ್ಟು ದೂರ ಚಾಚುವುದು ಒರಗಿ ಕೂತ ಮೈಗೆ ಕಷ್ಟವಿತ್ತು, ನಿಜ. ಆದರೆ ಒಂದು ಬೆರಳು ಮತ್ತೊಂದರ ಅಕ್ಷರ ಮುಟ್ಟುವುದನ್ನು ಜೀವಮಾನವಿಡೀ ತಡೆದ ಮನುಷ್ಯ ಅವರು. ಸ್ವಲ್ಪ ಹೊತ್ತಿನ ಮೇಲೆ ಎಡಗೈಯನ್ನು ಎತ್ತಿ, ಮಂಚದ ಬಲಗಡೆ ತೋರಿಸಿ ರತ್ನವ್ವನ ಕಡೆ ನೋಡಿದರು.

"ನಾನೇನ ಮಾಡ್ಲಿರಿ? ನನಗೇನ ಬರತೈತಿ?"

ಅವರು ಕೈ ಇಳಿಸಲಿಲ್ಲ. ರತ್ನವ್ವ ಸೆರಗಿಗೆ ಕೈ ಒರೆಸಿಕೊಂಡು ಅವರ ಬಲಮಗ್ಗುಲಲ್ಲಿ ಕೂತಳು. ಮಗಳು ತೋರಿಸಿದಂತೆ ಬಲಗಡೆಯ ಶಿಫ್ಟ್ ಗುಂಡಿಯನ್ನು ಕಿರುಬೆರಳಿನಿಂದ ಹಿಡಿದಳು. ಮಾಸ್ತರು ಎಡಗೈಯಿಂದ ಒತ್ತಿದರು, 'ಆ' ಬಂತು. 'ರ' ಮತ್ತು 'ತ' ಅವರೇ ಒತ್ತಿದರು. ಗುಡಿಸು ಅವಳು ಕೊಟ್ಟಳು. 'ಆರತಿ' ಎಂದು ಪೂರ್ತಿ ಬಂದಾಗ ಮಗಳು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಹೊರಡುವ ಮುಂಚೆ ಆರತಿ ಕನ್ನಡ ಅಕ್ಷರದ ಚೀಟಿಗಳನ್ನು ಕತ್ತರಿಸಿ ಬಲಗಡೆಯ ಗುಂಡಿಗಳಿಗೆ ಅಂಟಿಸಿದಳು. ಕ, ಲ, ಮ, ನ, ಪ, ಹ, ಜ, ಯ. ಕೊಂಬು, ಗುಡಿಸು, ಓತ್ವ. ಎಡಗಡೆಗೆ ಚೀಟಿ ಬೇಕಾಗಿರಲಿಲ್ಲ.

ಅಂದಿನಿಂದ ಊಟವಾದ ಮೇಲೆ ಮಾಸ್ತರು ಹೆಂಡತಿಗೆ ಟೈಪಿಂಗ್ ಕಲಿಸಿದರು. ತಮ್ಮ ಕೈಯ ಅಕ್ಷರಗಳನ್ನು ಒತ್ತಿ, ಅವಳ ಸರದಿ ಬಂದಾಗ ಕೈ ಎತ್ತುವರು. ಬೇಕಾದ ಅಕ್ಷರವನ್ನು ತುಟಿಯಲ್ಲಿ ಆಡಿ ತೋರಿಸುವರು. ಅವರ ಇಡೀ ಮಾತು ಕಲಸಿಹೋಗುತ್ತಿತ್ತಾದರೂ ಒಂದೊಂದೇ ಅಕ್ಷರ ಅವಳಿಗೆ ತಿಳಿಯುತ್ತಿತ್ತು. ತಪ್ಪಾದರೆ ಅಳಿಸುವ ಗುಂಡಿಯೂ ಅವಳ ಕಡೆಗೇ. ಎಲ್ಲವನ್ನೂ ತೋರುಬೆರಳಿನಿಂದ ಒತ್ತಹೋದರೆ ಅವರು ಕೀಬೋರ್ಡಿನ ಅಂಚನ್ನು ಗೆಣ್ಣಿನಿಂದ ಟಕ್ಕನೆ ಬಡಿಯುವರು.

"ಈ ವಯಸ್ಸಿನಾಗ ನನಗೂ ಫೂಟುಪಟ್ಟಿ ತೋರಸ್ತೀರೇನ್ರಿ?" ಎಂದು ಒಂದು ದಿನ ರತ್ನವ್ವ ನಕ್ಕಳು. ನಕ್ಕ ಮೇಲೆ, ಶ್ರಾವಣದಿಂದ ತಾನು ನಕ್ಕಿರಲಿಲ್ಲ ಎಂಬುದು ನೆನಪಾಯಿತು. ಮಾಸ್ತರು ಪರದೆ ತೋರಿಸಿ ನಿಧಾನವಾಗಿ ಬರೆಸಿದರು: 'ನಿನಗೆ ಆಗಲೇ ಕಲಿಸಬೇಕಿತ್ತು.' ಆ ಸಾಲಿಗೆ ಕಾಲು ಗಂಟೆ ಹಿಡಿಯಿತು. ಅವಳು ಓದಿ, "ಇರ್ಲಿ ಬಿಡ್ರಿ," ಎಂದು ಎದ್ದು ಹೋದಳು.

ಸಂಕ್ರಾಂತಿಯ ಹೊತ್ತಿಗೆ ಇಬ್ಬರ ಕೈ ಕೂಡಿತು. ಕಾಲು ಬೆಚ್ಚಗಾಗಬೇಕು, ಡಾಕ್ಟರ ಗುಳಿಗೆ ಹೊಟ್ಟೆ ಉರಿಸುತ್ತದೆ, ಆರತಿಗೆ ಫೋನು ಮಾಡು ಎಂಬಂಥ ಮಾತೇ ಹೆಚ್ಚು. ಆಮೇಲೊಂದು ಮಧ್ಯಾಹ್ನ ಮಾಸ್ತರು 'ಒಂದು ಪತ್ರ ಬರೆಯಬೇಕು' ಎಂದು ಬರೆಸಿದರು. ಹೊಸ ಪುಟದ ಮೇಲೆ ಅವಳು 'ಹು' ಒತ್ತಿದಳು, ಅವರು 'ಸ' ಒತ್ತಿದರು. ಹೀಗೆ 'ಹುಸೇನಬಿ' ಎಂದಾಯಿತು.

ಹುಸೇನಬಿ ಎಂದರೆ ದರ್ಜಿ ಶರೀಫಸಾಬನ ಮಗಳು. ತೊಂಬತ್ತೊಂದರಲ್ಲಿ ಕ್ಲಾಸಿನ ಎಲ್ಲರಿಗಿಂತ ವೇಗದ ಕೈ ಅವಳದು. ಆಗ ಕೋರ್ಟಿನಲ್ಲಿ ಟೈಪಿಸ್ಟ್ ಜಾಗಗಳು ಬರಲಿದ್ದವು, ಸೀನಿಯರ್ ಪರೀಕ್ಷೆ ಪಾಸಾಗಿರಬೇಕಿತ್ತು. ಪರೀಕ್ಷೆಯ ಫಾರ್ಮು ಮಂಡಳಿಯಿಂದ ತಿರಸ್ಕಾರವಾಯಿತು, ಅವಳ ಸಹಿ ಒಂದೊಂದು ಕಡೆ ಒಂದೊಂದು ರೀತಿ ಇತ್ತಂತೆ ಎಂದು ಮಾಸ್ತರು ಹೇಳಿದ್ದರು. ಹುಡುಗಿ ಪಡಸಾಲೆಯ ಕಟ್ಟೆಯ ಮೇಲೆ ಕೂತು ಅತ್ತಿದ್ದಳು. ಆ ಸಲದ ಜಾಗ ತಪ್ಪಿತು. ಶರೀಫಸಾಬ ಅದೇ ವರ್ಷ ಅವಳನ್ನು ಹುಬ್ಬಳ್ಳಿಗೆ ಮದುವೆ ಮಾಡಿ ಕೊಟ್ಟ.

ರತ್ನವ್ವನಿಗೆ ಎಲ್ಲ ನೆನಪಿತ್ತು. ಪತ್ರ ಮುಂದೆ ಸಾಗಿತು. 'ನಿನ್ನ ಫಾರ್ಮು ಮಂಡಳಿಗೆ ಹೋಗಿರಲಿಲ್ಲ' ಎಂಬ ಸಾಲು ಮುಗಿದಾಗ ಅವಳಿಗೆ ಅರ್ಥವಾಗಲಿಲ್ಲ. ಮುಂದಿನ ಸಾಲು 'ನಾನು' ಎಂದು ಶುರುವಾಯಿತು. ಅದರಲ್ಲಿ ಮಾಸ್ತರ ಬೆರಳಿನದು ದೀರ್ಘದ ಒಂದೇ ಗುಂಡಿ, ಶಿಫ್ಟನ್ನೂ ಉಳಿದದ್ದನ್ನೂ ರತ್ನವ್ವನೇ ಒತ್ತಿದಳು. ಆಮೇಲೆ ಅವರು ತುಟಿ ಕೂಡಿಸಿ ತೆಗೆದರು. ಅವಳು 'ಮ' ಒತ್ತಿದಳು. ಉಳಿದ ಅಕ್ಷರಗಳೆಲ್ಲ ಅವರ ಕಡೆಯವೇ. ಎಡಗೈ ಒಂದೇ ಉಸಿರಿಗೆ ಓಡಿ 'ಮರೆತೆ' ಎಂದು ಮಾಡಿತು.

ರತ್ನವ್ವ ಪರದೆಯನ್ನೂ ಗಂಡನ ಮುಖವನ್ನೂ ನೋಡಿದಳು.

"ಏನಿದು? ನೀವ ಕಳಿಸಲಿಲ್ಲೇನ್ರಿ ಅದನ್ನ?"

ಮಾಸ್ತರು ಹೌದೆಂದು ತಲೆ ಹಾಕಿದರು.

"ಮತ್ತ ಸಹಿ ತಪ್ಪೈತಿ ಅಂತ ಹೇಳಿದ್ರಿ?"

ಅವರು ಕಣ್ಣು ಕೆಳಗೆ ಹಾಕಿದರು. ಫಾರ್ಮು ಕಳಿಸಬೇಕಿದ್ದದ್ದು ಅವರ ತಾಯಿ ತೀರಿಕೊಂಡ ವಾರ. ತಮ್ಮ ಊರು ಉಪ್ಪಿನಬೆಟಗೇರಿಗೆ ಹೋಗಿ ದಿನಕರ್ಮ ಮುಗಿಸಿ ಬರುವಷ್ಟರಲ್ಲಿ ತಾರೀಖು ದಾಟಿತ್ತು. ಉಳಿದವರ ಫಾರ್ಮು ಮೊದಲೇ ಹೋಗಿದ್ದವು. ಕಡೆಯಲ್ಲಿ ಬಂದ ಒಂದು ಮಾತ್ರ ಮೇಜಿನ ಖಾನೆಯಲ್ಲಿ ಉಳಿದಿತ್ತು. ಮರೆತೆ ಎಂದು ಹೇಳಿದ್ದರೆ ಹುಡುಗಿ ಒಪ್ಪಿಕೊಳ್ಳುತ್ತಿದ್ದಳೇನೋ. ಮರೆತೆನೆಂದು ಹೇಳಲು ಆ ಶಿಸ್ತಿನ ಮಾಸ್ತರಿಗೆ ಬಾಯಿ ಬಂದಿರಲಿಲ್ಲ.

ರತ್ನವ್ವನ ನಡುಬೆರಳು ತಾನಾಗಿ ಅಳಿಸುವ ಗುಂಡಿಯ ಮೇಲೆ ಹೋಗಿ ನಿಂತಿತು. ಮಾಸ್ತರು ಅದನ್ನು ಕಂಡರು. ಕೀಬೋರ್ಡಿನ ಅಂಚು ಬಡಿಯಲಿಲ್ಲ, ಕೈಯನ್ನೂ ತಡೆಯಲಿಲ್ಲ. ಅವಳು ಒತ್ತದೆ ಎದ್ದು ಅಡಿಗೆಮನೆಗೆ ಹೋದಳು.

ಗಂಡನ ಸುಳ್ಳು ಒಂದು ಕಡೆ. ಅದಕ್ಕಿಂತ ಅವಳನ್ನು ಚುಚ್ಚಿದ್ದು ಅಂದು ಕಟ್ಟೆಯ ಮೇಲೆ ಅಳುತ್ತಿದ್ದ ಹುಡುಗಿಗೆ ತಾನು ಆಡಿದ ಮಾತು. "ಇಷ್ಟ ಕಲತು ಒಂದು ಸಹಿ ನೆಟ್ಟಗ ಮಾಡಾಕ ಬರಲಿಲ್ಲೇನವ್ವಾ ನಿನಗ?" ಹುಡುಗಿ ಅಳು ನಿಲ್ಲಿಸಿ ಎದ್ದು ಹೋದವಳು ಮತ್ತೆ ಆ ಓಣಿಗೆ ಬರಲಿಲ್ಲ.

ಎರಡು ದಿನ ರತ್ನವ್ವ ಮಂಚದ ಬಲಗಡೆ ಕೂರಲಿಲ್ಲ. ಗಂಜಿ ಕುಡಿಸಿದಳು, ಮೈ ಒರೆಸಿದಳು, ಮಾತಾಡಲಿಲ್ಲ. ಮಾಸ್ತರೂ ಕೀಬೋರ್ಡು ಕೇಳಲಿಲ್ಲ. ಮೂರನೆಯ ಮಧ್ಯಾಹ್ನ ಅವಳೇ ಅದನ್ನು ತಂದು ಅವರ ತೊಡೆಯ ಮೇಲೆ ಇಟ್ಟಳು.

"ಪೂರಾ ಮಾಡ್ರಿ. ಕಡೀಕ ನಂದೂ ಒಂದು ಮಾತು ಹಾಕಬೇಕು. ಅಕಿಗೆ ನಾನೂ ಅಂದೀನಿ."

ಒಂದು ಪುಟದ ಪತ್ರ ಐದು ದಿನ ಹಿಡಿಯಿತು. ಕೊನೆಯಲ್ಲಿ ರತ್ನವ್ವ ಹೇಳಿದ್ದನ್ನು ಇಬ್ಬರೂ ಸೇರಿ ಒತ್ತಿದರು: 'ಆ ದಿನ ನಾನು ಆಡಿದ್ದು ತಪ್ಪು ಮಾತು. ರತ್ನವ್ವ.' ಪ್ರಿಂಟರಿನಿಂದ ಬಂದ ಹಾಳೆಯ ಕೆಳಗೆ ಮಾಸ್ತರು ಎಡಗೈಯಿಂದ ಸಹಿ ಹಾಕಿದರು. ಯಾರದೆಂದು ಹೇಳಲಾಗದ ಸಹಿ. ಆಮೇಲೆ ಅವರು ಅಟ್ಟದ ಟ್ರಂಕಿನ ಕಡೆ ಕೈ ಮಾಡಿದರು. ಅದರ ತಳದಲ್ಲಿ ಆ ಫಾರ್ಮು ಸಿಕ್ಕಿತು. ಮೂಲೆಯಲ್ಲಿ ಎರಡು ಜಡೆಯ ಹುಡುಗಿಯ ಫೋಟೋ.

ಹುಸೇನಬಿ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸೀರೆಗೆ ಫಾಲ್ ಹಚ್ಚುತ್ತ ಕೂರುತ್ತಾಳೆಂದು ರತ್ನವ್ವನಿಗೆ ಗೊತ್ತಿತ್ತು. ಹಿಂದೊಮ್ಮೆ ದೂರದಿಂದ ನೋಡಿದ್ದಳು. ಮರುದಿನ ಪಕ್ಕದ ಮನೆಯವರನ್ನು ಮಾಸ್ತರ ಹತ್ತಿರ ಕೂಡಿಸಿ ಬಸ್ಸು ಹತ್ತಿದಳು. ಬಟ್ಟೆ ಅಂಗಡಿಗಳ ಸಾಲಿನಲ್ಲಿ, ಒಂದು ಮೆಟ್ಟಿಲ ಮೇಲೆ, ಹೊಲಿಗೆ ಮಷಿನ್ ಮುಂದೆ ಹುಸೇನಬಿ ಇದ್ದಳು. ಮೂವತ್ತೈದಕ್ಕೇ ಮುಂಗೂದಲು ಬೆಳ್ಳಗಾಗಿತ್ತು. ಗುರುತು ಹಿಡಿದು ಎದ್ದು ನಿಂತಳು.

"ಅವ್ವಾರ, ಬರ್ರಿ. ಸರ ಹೆಂಗದಾರ್ರಿ?"

ರತ್ನವ್ವ ಹಾಳೆಯನ್ನೂ ಫಾರ್ಮನ್ನೂ ಕೊಟ್ಟಳು. ಹುಸೇನಬಿ ನಿಂತೇ ಓದಿದಳು, ಮತ್ತೊಮ್ಮೆ ಓದಿದಳು. ಆಮೇಲೆ ಫಾರ್ಮು ತೆಗೆದು ಫೋಟೋವನ್ನೇ ನೋಡುತ್ತ ಕೂತಳು. ಎದುರಿನ ಅಂಗಡಿಯವನು ಕೂಗಿ ಎರಡು ಸೀರೆ ಇಟ್ಟು ಹೋದದ್ದನ್ನೂ ಗಮನಿಸಲಿಲ್ಲ.

"ಹದಿನೈದು ವರ್ಷ ನಂದ ತಪ್ಪು ಅನಕೊಂಡಿದ್ದೆರಿ ಅವ್ವಾರ," ಎಂದಳು ಕೊನೆಗೆ. "ಎಲ್ಲೆರ ಸಹಿ ಮಾಡೋದು ಬಂತಂದ್ರ ಕೈ ನಡಗತಿತ್ತು. ಮಗಳ ಸಾಲಿ ಪುಸ್ತಕದಾಗೂ ಅವರಪ್ಪನ ಕಡೇನ ಮಾಡಸತಿದ್ದೆ. ಅವರು ತೀರಿಕೊಂಡ ಮ್ಯಾಲ ಹೆಬ್ಬಟ್ಟು ಒತ್ತೀನಿ ನಾನು. ಓದು ಬಂದಾಕಿ, ಹೆಬ್ಬಟ್ಟು."

"ತಪ್ಪಾತವ್ವಾ," ಎಂದಳು ರತ್ನವ್ವ.

"ಹಣೇಬರಹ ಅಂತ ಸಮಾಧಾನ ಮಾಡಕೊಂಡಿದ್ದೆ. ಈಗ ಅದೂ ಇಲ್ದಂಗಾತು. ಇದನ್ನ ಹೇಳಿ ಅವರಿಗೆ ಹಗುರಾಗಿರಬೇಕು. ನಾ ಏನ ಮಾಡಲಿರಿ ಇದನ್ನ ತಗೊಂಡು?"

ಹುಸೇನಬಿ ಹಾಳೆಯನ್ನು ಮಡಚಿ ಫಾರ್ಮಿನ ಜೊತೆ ಮಷಿನ್‌ನ ಖಾನೆಯಲ್ಲಿಟ್ಟಳು. ಚಹಾ ತರಿಸಿದಳು. ಸರ ಹೇಗಿದ್ದಾರೆಂದು ಮಾತ್ರ ಮತ್ತೆ ಕೇಳಲಿಲ್ಲ.

ಮನೆಗೆ ಬಂದಾಗ ಮಾಸ್ತರು ಬಾಗಿಲ ಕಡೆಗೇ ಮುಖ ಮಾಡಿ ಒರಗಿದ್ದರು. ಕ್ಷಮಿಸಿದಳು ಎಂದುಬಿಡಬಹುದಿತ್ತು, ಬಸ್ಸಿನ ದಾರಿಯುದ್ದಕ್ಕೂ ರತ್ನವ್ವ ಅದನ್ನೇ ಯೋಚಿಸಿದ್ದಳು. ಮತ್ತೊಂದು ಸುಳ್ಳು ಬೇಡವೆನ್ನಿಸಿತು.

"ಓದಿದಳ್ರಿ. ಭಾಳ ನೊಂದಕೊಂಡಳು. ಪತ್ರ ಇಟ್ಟಕೊಂಡಾಳ. ಮತ್ತೇನೂ ಹೇಳಲಿಲ್ಲ."

ಮಾಸ್ತರು ಕೀಬೋರ್ಡು ಕೇಳಿದರು. 'ಬರುವಳೇ' ಎಂದು ಬರೆಸಿದರು. "ಗೊತ್ತಿಲ್ಲರಿ," ಎಂದಳು. ಆಮೇಲಿನ ದಿನಗಳಲ್ಲಿ ಆ ಪ್ರಶ್ನೆಯನ್ನು ಬರೆಸಲಿಲ್ಲ. ಓಣಿಯಲ್ಲಿ ಹೆಂಗಸಿನ ದನಿ ಕೇಳಿದರೆ ತಲೆ ಎತ್ತುವರು, ಅಷ್ಟೇ. ಎಡಗೈಯೂ ದಣಿಯತೊಡಗಿತ್ತು. ಬರೆಯುವ ಸಾಲುಗಳು ಗಿಡ್ಡವಾಗುತ್ತ ಬಂದವು.

ಫೆಬ್ರುವರಿ ಕಡೆಯ ವಾರದ ಒಂದು ಬೆಳಿಗ್ಗೆ, ಆರೂವರೆಯ ಸುಮಾರಿಗೆ, ರತ್ನವ್ವ ಚಹಾ ತಂದಾಗ ಅವರಿಗೆ ಎಚ್ಚರವಿರಲಿಲ್ಲ. ಎರಡನೆಯ ಸಲದ ಲಕ್ವಾ. ಆಸ್ಪತ್ರೆಯಲ್ಲಿ ಒಂದು ದಿನ ಇದ್ದು ಹೋದರು. ಉಪ್ಪಿನಬೆಟಗೇರಿಯ ಹೊಲದಲ್ಲಿ ಮಣ್ಣು ಮಾಡಿದರು. ಹಳೆಯ ವಿದ್ಯಾರ್ಥಿಗಳು ಎಪ್ಪತ್ತು ಎಂಬತ್ತು ಜನ ಬಂದಿದ್ದರು. ರತ್ನವ್ವನ ಕಣ್ಣು ಗುಂಪಿನಲ್ಲಿ ಒಬ್ಬಳನ್ನು ಹುಡುಕಿತು. ಅವಳು ಇರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಆರತಿ ಕೀಬೋರ್ಡಿನ ಸೆಲ್ ತೆಗೆದು ಡಬ್ಬಿಯಲ್ಲಿಡಲು ಹೋದಳು.

"ಎಡಗಡೀದೂ ಕಲಿ ಅವ್ವಾ. ನಾ ಕಲಸ್ತೀನಿ. ಹೊತ್ತು ಹೋಗತೈತಿ."

"ಬ್ಯಾಡವ್ವಾ. ನಿಮ್ಮ ಸಾಲ್ಯಾಗ ಯಾರಿಗೆರ ಕೈ ಅಡ್ಡಿ ಇದ್ದವರಿಗೆ ಕೊಡು. ಮನ್ಯಾಗ ಇದ್ರ ನಾ ಬಲಗಡೆ ಹೋಗಿ ಕೂಡತೀನಿ," ಎಂದಳು ರತ್ನವ್ವ. ಅದು ನಿಜವಾಗಿತ್ತು. ಖಾಲಿ ಮಂಚದ ಬಲಮಗ್ಗುಲಲ್ಲಿ ಅವಳು ಕೂತದ್ದನ್ನು ಮಗಳು ಎರಡು ಸಲ ನೋಡಿದ್ದಳು.

ಯುಗಾದಿಯ ಮುಂದಿನ ವಾರ ಹುಸೇನಬಿ ಬಂದಳು. ಜೊತೆಗೆ ಒಂಬತ್ತನೆಯ ಇಯತ್ತೆಯ ಮಗಳು. ಮಾಸ್ತರು ಹೋದ ಸುದ್ದಿ ಆಗಲೇ ತಿಳಿದಿತ್ತು. ಪಡಸಾಲೆಯಲ್ಲಿ ಫೋಟೋದ ಎದುರು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅಡಿಗೆಮನೆಗೇ ಬಂದು ರತ್ನವ್ವನ ಹತ್ತಿರ ನೆಲದ ಮೇಲೆ ಕೂತಳು.

"ಬರಬಾರದು ಅಂತ ಇದ್ದೆರಿ. ಅವರು ಇರೂತನಕ ಬರಲಿಲ್ಲ. ಈಗ ಯಾಕ ಬಂದೆ ನನಗೂ ತಿಳೀವಲ್ದು."

"ನೀ ಬಂದಿದ್ರ ಅವರು..." ಎಂದು ರತ್ನವ್ವ ಶುರು ಮಾಡಿದವಳು ನಿಲ್ಲಿಸಿದಳು. ಅದನ್ನು ಹೇಳಿ ಆಕೆಯ ಮೇಲೆ ಇನ್ನೊಂದು ಭಾರ ಹೊರಿಸುವುದು ಬೇಡವಾಗಿತ್ತು.

"ಕ್ಷಮಾ ಮಾಡೀನಿ ಅನ್ನಾಕ ಈಗೂ ಬಾಯಿ ಬರವಲ್ದರಿ ಅವ್ವಾರ. ಸಿಟ್ಟೂ ಇಲ್ಲ. ನಿನ್ನೆ ಮಗಳ ಪುಸ್ತಕದಾಗ ಸಹಿ ಮಾಡಿದೆ. ಕೈ ನಡಗಿತು. ಆದ್ರೂ ಮಾಡಿದೆ."

ರತ್ನವ್ವ ಅವಳ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತರು, ಬೇರೆ ಬೇರೆ ಕಾರಣಕ್ಕೆ. ಹುಡುಗಿ ಏನೂ ತಿಳಿಯದೆ ಅವರನ್ನು ನೋಡುತ್ತ ರತ್ನವ್ವ ಕೊಟ್ಟ ರೊಟ್ಟಿ ತಿಂದಳು.

ಸಂಜೆಯ ಬಸ್ಸಿಗೆ ಬಿಡಲು ರತ್ನವ್ವ ಓಣಿಯ ತುದಿಯವರೆಗೆ ಹೋದಳು. ಮತ್ತೆ ಬಾ ಎಂದು ಇವಳು ಹೇಳಲಿಲ್ಲ, ಬರುತ್ತೇನೆಂದು ಅವಳೂ ಹೇಳಲಿಲ್ಲ. ಬಸ್ಸು ಜುಬಿಲಿ ಸರ್ಕಲ್ಲಿನ ಕಡೆ ತಿರುಗಿದ ಮೇಲೆ ರತ್ನವ್ವ ಮನೆಗೆ ನಡೆದು ಬಂದಳು.